ಮೊದಲು ಮ್ಯೂಸಿಯಂ, ಆಮೇಲೆ ಕಾರ್ಖಾನೆ: ಫಿಟ್ಟರ್ ಹುಡುಗರ ಜತೆ ವಿಮಾನ ನೋಡಿದ್ದು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದ್ದು 2023ರ ಫೆಬ್ರವರಿ 6ರಂದು. ಅವತ್ತಿನಿಂದ ನಮ್ಮ ಐಟಿಐ ಹುಡುಗರದು ಒಂದೇ ರಾಗ: ‘ಸಾ, ಕರ್ಕೊಂಡೋಗಿ ಸಾ.’ ಬ್ಯಾಚ್ ಬದಲಾದರೂ ರಾಗ ಬದಲಾಗಲಿಲ್ಲ. ನಾನು ತುಮಕೂರಿನಲ್ಲಿ ಫಿಟ್ಟರ್ ಟ್ರೇಡಿಗೆ ಪಾಠ ಹೇಳುವವನು. ಒಪ್ಪಿಕೊಂಡೆ, ಆದರೆ ಒಂದು ಷರತ್ತು ಹಾಕಿದೆ. ಮೊದಲು ಬೆಂಗಳೂರಿನ ಮ್ಯೂಸಿಯಂಗಳು, ಕಾರ್ಖಾನೆ ಆಮೇಲೆ.

ಹುಡುಗರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಮ್ಯೂಸಿಯಂ ಅಂದರೆ ಮಿಡ್ಲ್‌ಸ್ಕೂಲಿನ ಪ್ರವಾಸ ಅನ್ನುವ ಭಾವನೆ. ನನ್ನ ಲೆಕ್ಕ ಬೇರೆ. ಕಾರ್ಖಾನೆಯೊಳಗೆ ಹೆಲಿಕಾಪ್ಟರ್ ಇಡಿಯಾಗಿ ಸಿಗುವುದು ಕೊನೆಯ ಹ್ಯಾಂಗರಿನಲ್ಲಿ ಮಾತ್ರ. ಅಲ್ಲಿಯವರೆಗೂ ಕಾಣುವುದು ತುಂಡುಗಳು. ಇಡೀ ವಿಮಾನದ ಮೈಯನ್ನು ಒಮ್ಮೆಯೂ ಹತ್ತಿರದಿಂದ ನೋಡದವನಿಗೆ ಆ ತುಂಡು ಬರೀ ತಗಡು. ಅದೂ ಅಲ್ಲದೆ ಅಲ್ಲಿ ಹಳದಿ ಗೆರೆ ಬಿಟ್ಟು ಆಚೆ ಕಾಲಿಡುವಂತಿಲ್ಲ, ಒಂದೇ ಕಡೆ ನಿಲ್ಲುವಂತಿಲ್ಲ. ಮ್ಯೂಸಿಯಂನಲ್ಲಾದರೆ ವಿಮಾನದ ಹೊಟ್ಟೆಯ ಕೆಳಗೆ ಬಗ್ಗಿ ಎಷ್ಟು ಹೊತ್ತು ನಿಂತರೂ ಯಾರೂ ಎಬ್ಬಿಸುವುದಿಲ್ಲ.

ಹೊರಡುವ ಮುಂಚೆ ನಮ್ಮ ಮೈದಾನದಲ್ಲಿ ಟೇಪು ಹಿಡಿದು 120 ಅಡಿ ಗುರುತು ಹಾಕಿಸಿದೆ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ವಿಮಾನ ಮೊದಲ ಸಲ ಹಾರಿದ ದೂರ ಅಷ್ಟೇ. ಸಮಯ 12 ಸೆಕೆಂಡು. ‘ಇಷ್ಟೇನಾ?’ ಅಂತ ನಕ್ಕರು. ನಗಲಿ ಅಂತಲೇ ಹಾಕಿಸಿದ್ದು.

ಬೆಳಗಿನ ರೈಲು ಹಿಡಿದು ಬೆಂಗಳೂರಿನಲ್ಲಿ ಇಳಿದು, ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಿಂದ ನಡೆದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ ಇದೆ. ಬಂದವರು ರೆಕ್ಕೆ ನೋಡಿ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನಾನು ಹುಡುಗರನ್ನು ಹಿಂಬದಿಗೆ ಕರೆದು ಪ್ರೊಪೆಲರ್ ತೋರಿಸಿದೆ. ಅಣ್ಣತಮ್ಮಂದಿರು ಸೈಕಲ್ ಅಂಗಡಿಯವರು. ಎಂಜಿನ್ನಿನ ಬಲವನ್ನು ಎರಡು ಪ್ರೊಪೆಲರಿಗೆ ಒಯ್ಯಲು ಅವರು ಬಳಸಿದ್ದು ಚೈನು ಮತ್ತು ಹಲ್ಲುಚಕ್ರ. ಒಂದು ಚೈನನ್ನು ನೇರವಾಗಿ ಬಿಟ್ಟು, ಇನ್ನೊಂದನ್ನು ಕತ್ತರಿಯಾಕಾರದಲ್ಲಿ ಅಡ್ಡಹಾಯಿಸಿದರು. ಹಾಗಾಗಿ ಎರಡು ಪ್ರೊಪೆಲರ್‌ಗಳೂ ಎದುರುಬದುರು ದಿಕ್ಕಿಗೆ ತಿರುಗುತ್ತಿದ್ದವು, ಒಂದು ಎಳೆಯುವ ತಿರುಚನ್ನು ಇನ್ನೊಂದು ಕಳೆಯುತ್ತಿತ್ತು. ‘ಚೈನ್ ಅಡ್ಡ ಹಾಕಿದ್ರೆ ಉಜ್ಜಲ್ವಾ ಸಾ?’ ಅಂದ ಒಬ್ಬ. ಅದಕ್ಕೇ ಕೊಳವೆಯೊಳಗೆ ಹಾಯಿಸಿದ್ದರು. ಈ ಪ್ರಶ್ನೆ ಬಂದಾಗ ನನ್ನ ಅರ್ಧ ಕೆಲಸ ಮುಗಿಯಿತು ಅನ್ನಿಸಿತು.

ಚಾರ್ಲಿ ಟೇಲರ್ ಹೆಸರನ್ನೂ ಅಲ್ಲೇ ಹೇಳಿದೆ. ಸುಮಾರು 12 ಅಶ್ವಶಕ್ತಿಯ ಆ ಎಂಜಿನ್ ಕಟ್ಟಿದ್ದು ಅಂಗಡಿಯ ಆ ಮೆಕ್ಯಾನಿಕ್ಕು. ಲೇತು, ಡ್ರಿಲ್ಲಿಂಗ್ ಮಷಿನ್ನು, ಕೈ ಉಪಕರಣಗಳಿಂದ ಸುಮಾರು ಆರು ವಾರದಲ್ಲಿ ಮುಗಿಸಿದ. ಕ್ರ್ಯಾಂಕ್‌ಕೇಸ್ ಮಾತ್ರ ಅಲ್ಯೂಮಿನಿಯಂ ಎರಕ. ಪಠ್ಯಪುಸ್ತಕದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇರುತ್ತದೆ. ಫಿಟ್ಟರ್ ಹುಡುಗರಿಗೆ ಟೇಲರ್ ಗೊತ್ತಿರಬೇಕು.

ಮಧ್ಯಾಹ್ನ ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಪರಂಪರೆ ಕೇಂದ್ರ. 2001ರಲ್ಲಿ ಆರಂಭವಾದದ್ದು. ಎರಡು ಸಭಾಂಗಣ, ಹೊರಗೆ ಮರಗಳ ನಡುವೆ ವಿಮಾನಗಳು. ದಶಕವಾರು ಫೋಟೊಗಳ ಸಭಾಂಗಣವನ್ನು ಬೇಗ ದಾಟಿಸಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಕಂಪನಿ ಶುರು ಮಾಡಿದ್ದು, 1951ರ ಆಗಸ್ಟಿನಲ್ಲಿ ವಿನ್ಯಾಸಕಾರ ಘಾಟಗೆಯವರ ತಂಡದ ತರಬೇತಿ ವಿಮಾನ ಎಚ್‌ಟಿ-2 ಹಾರಿದ್ದು, ಇಷ್ಟು ಗೊತ್ತಾದರೆ ಸಾಕು. ಎಂಜಿನ್ ಸಭಾಂಗಣದಲ್ಲಿ ಮಾತ್ರ ಸಮಯ ಕೊಡಿ. ಸೀಳಿ ಒಳಗೆಲ್ಲ ಕಾಣುವಂತೆ ಮಾಡಿದ ಎಂಜಿನ್‌ಗಳಿವೆ. ಕಂಪ್ರೆಸರ್ ಬ್ಲೇಡುಗಳು ಹಿಂದೆ ಹೋದಂತೆ ಚಿಕ್ಕದಾಗುತ್ತವೆ. ಯಾಕೆ ಅಂತ ಕೇಳಿ, ಉತ್ತರ ನೀವೇ ಹೇಳಬೇಡಿ. ಗಾಳಿ ಒತ್ತಿಕೊಂಡಷ್ಟೂ ಅದಕ್ಕೆ ಬೇಕಾದ ಜಾಗ ಕಡಿಮೆ ಅನ್ನುವುದು ಹುಡುಗರ ಬಾಯಿಂದಲೇ ಬರುತ್ತದೆ, ಐದು ನಿಮಿಷ ತಡವಾದರೂ.

ನಾವು ಹೆಚ್ಚು ಹೊತ್ತು ನಿಂತದ್ದು ಮಾರುತ್ ಎದುರು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಯುದ್ಧವಿಮಾನ, ಎಚ್‌ಎಫ್-24. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಮಾರುತ್ ಅಪಘಾತದಲ್ಲೇ ಅವರು ತೀರಿಕೊಂಡರು. ಅಲ್ಲೇ ಹತ್ತಿರದ ರಸ್ತೆಗೆ ಅವರ ಹೆಸರಿದೆ. ಪಕ್ಕದಿಂದ ನೋಡಿದರೆ ರೆಕ್ಕೆ ಸೇರುವ ಕಡೆ ಮೈ ಒಳಕ್ಕೆ ಸರಿದಿರುವುದು ಕಾಣುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ಅಡ್ಡಿ ತಗ್ಗಿಸಲು ಮಾಡಿದ ಸಣ್ಣ ನಡು ಅದು. ಅಂದವಾದ ಮೈ, ಆದರೆ ಎಂಜಿನ್ ಸಾಲದು. ಶಬ್ದದ ಎರಡು ಪಟ್ಟು ವೇಗದ ಕನಸಿಟ್ಟುಕೊಂಡು ಗೀಚಿದ ವಿಮಾನಕ್ಕೆ ಬೇಕಾಗಿದ್ದ ಬಲಿಷ್ಠ ಓರ್ಫಿಯಸ್ ಎಂಜಿನ್ನಿನ ಕೆಲಸವನ್ನು ಬ್ರಿಟನ್ನಿನವರು ಕೈಬಿಟ್ಟರು, ಅದಕ್ಕೆ ದುಡ್ಡು ಹಾಕಲು ನಮ್ಮವರೂ ಮುಂದಾಗಲಿಲ್ಲ. ಕಡಿಮೆ ಬಲದ ಓರ್ಫಿಯಸ್ 703 ಎರಡನ್ನು ಇಟ್ಟುಕೊಂಡೇ ಒಟ್ಟು 147 ಮಾರುತ್‌ಗಳು ತಯಾರಾದವು. ಈ ಕತೆ ಹೇಳುವಾಗ ನನಗೆ ಪ್ರತಿಸಲ ಸಿಟ್ಟು ಬರುತ್ತದೆ.

ಫಿಟ್ಟರ್‌ಗಳಿಗೆ ಮಾರುತ್‌ನ ಮೈಯಲ್ಲಿ ಓದುವುದು ಬೇಕಾದಷ್ಟಿದೆ. ‘ರಿವೆಟ್ ತಲೆನೇ ಇಲ್ವಲ್ಲ ಸಾ?’ ತಗಡು ಜೋಡಿಸಲು ಬಡಿಯುವ ಆ ಮೊಳೆಗೆ ತಲೆ ಇದೆ, ತೂತಿನ ಬಾಯಿ ಅಗಲಿಸಿ, ಅಂದರೆ ಕೌಂಟರ್‌ಸಿಂಕ್ ಮಾಡಿ, ತಗಡಿನ ಮಟ್ಟಕ್ಕೆ ಕೂರಿಸಿದ್ದಾರೆ. ನಾವು ವರ್ಕ್‌ಶಾಪಿನಲ್ಲಿ ಕೌಂಟರ್‌ಸಿಂಕ್ ರಿವೆಟಿಂಗ್ ಮಾಡಿಸುವಾಗ ‘ಇದ್ಯಾವುದಕ್ಕೆ’ ಅಂತ ಮೂತಿ ತಿರುವುತ್ತಿದ್ದವರೇ ಇಲ್ಲಿ ಬಗ್ಗಿ ರಿವೆಟ್ ನಡುವಿನ ಅಂತರವನ್ನು ಕಣ್ಣಳತೆಯಲ್ಲಿ ಲೆಕ್ಕ ಹಾಕುತ್ತಿದ್ದರು. ಎಲ್ಲಿ ಸಾಲು ಒತ್ತಾಗಿದೆ, ಎಲ್ಲಿ ಬಿಡಿಯಾಗಿದೆ ಅಂತ ಗುರುತಿಸಲು ಹೇಳಿದೆ. ಒಳಗಿನ ಪಕ್ಕೆಲುಬು ಎಲ್ಲಿ ಹಾದುಹೋಗಿದೆ ಅನ್ನುವುದನ್ನು ಹೊರಗಿನ ಆ ಸಾಲುಗಳೇ ಹೇಳುತ್ತವೆ.

ಕಾರ್ಖಾನೆಗೆ ಅನುಮತಿ ಬೇಡುವುದು ಬೇರೆಯದೇ ಕೆಲಸ. ರಕ್ಷಣಾ ಉತ್ಪಾದನೆಯ ಜಾಗ, ಗೇಟಿಗೆ ಹೋಗಿ ‘ನೋಡ್ಬೇಕಿತ್ತು’ ಅಂದರೆ ಆಗುವುದಿಲ್ಲ. ಪ್ರಾಂಶುಪಾಲರ ಸಹಿಯ ಪತ್ರ, ಹೆಸರಿನ ಪಟ್ಟಿ, ಗುರುತಿನ ಚೀಟಿ, ಜತೆಗೆ ತಾಳ್ಮೆ. ಪತ್ರದಲ್ಲಿ ‘ವೀಕ್ಷಣೆಗೆ’ ಅಂತ ಬರೆಯುವ ಬದಲು ಯಾವ ಟ್ರೇಡು, ಯಾವ ಪಾಠಕ್ಕೆ ಸಂಬಂಧ ಅಂತ ಬರೆಯಿರಿ. ತಂಡ ಚಿಕ್ಕದಿರಲಿ. ಹಿಂದೆ ನಿಂತವನಿಗೆ ಮಾತು ಕೇಳಿಸದಿದ್ದರೆ ಅವನು ಬಂದದ್ದು ಬಸ್ ಪ್ರಯಾಣಕ್ಕೆ.

615 ಎಕರೆಯ ಆವರಣ. ಮೊಬೈಲು ಗೇಟಿನಲ್ಲೇ ಉಳಿಯಿತು. ಒಳಗೆ ಕಂಡದ್ದನ್ನೆಲ್ಲ ಬರೆಯುವುದು ಸರಿಯಲ್ಲ, ಬರೆಯುವುದೂ ಇಲ್ಲ. ಎಲ್ಲರಿಗೂ ಗೊತ್ತಿರುವುದಿಷ್ಟು: ಇಲ್ಲಿಯ ಮೊದಲ ಕೆಲಸ ಲಘು ಬಳಕೆಯ ಹೆಲಿಕಾಪ್ಟರ್, ಎಲ್‌ಯುಎಚ್. 3 ಟನ್ ವರ್ಗ, ಒಂದೇ ಎಂಜಿನ್. ಸೇನೆಯ ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ ಅಂತ ವಿನ್ಯಾಸ ಮಾಡಿದ್ದು, 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು. ವರ್ಷಕ್ಕೆ 30ರಿಂದ ಶುರುಮಾಡಿ 60, ಆಮೇಲೆ 90ಕ್ಕೆ ಏರಿಸುವುದು ಉದ್ಘಾಟನೆಯ ವೇಳೆ ಹೇಳಿದ ಗುರಿ. ಮೈ ಕಟ್ಟುವ ಹ್ಯಾಂಗರ್, ಅಂತಿಮ ಜೋಡಣೆಯ ಹ್ಯಾಂಗರ್, ಹಾರಾಟದ ಹ್ಯಾಂಗರ್, ಹೆಲಿ ರನ್‌ವೇ ಎಲ್ಲ ಒಂದೇ ಆವರಣದಲ್ಲಿವೆ.

ನಮ್ಮವರ ಕಣ್ಣು ಹೋದದ್ದು ಜಿಗ್‌ಗಳ ಕಡೆಗೆ. ಇಟ್ಟಿಗೆಗೆ ಅಚ್ಚು ಹೇಗೋ ವಿಮಾನದ ಮೈಗೆ ಜಿಗ್ ಹಾಗೆ. ಅದರಲ್ಲಿ ಹಿಡಿದು ಕೂರಿಸಿದ ಮೇಲೆ ತುಂಡು ಅತ್ತಿತ್ತ ಸರಿಯುವಂತಿಲ್ಲ. ತಗಡುಗಳನ್ನು ರಿವೆಟ್ ಹೊಡೆಯುವವರೆಗೆ ತಾತ್ಕಾಲಿಕವಾಗಿ ಹಿಡಿದಿಡುವ ಕ್ಲೀಕೋ ಪಿನ್ನುಗಳ ಬಗ್ಗೆ ತರಗತಿಯಲ್ಲೇ ಹೇಳಿದ್ದೆ. ತೂತಿನ ಅಳತೆಗೊಂದು ಬಣ್ಣ: 1/8 ಇಂಚಿಗೆ ತಾಮ್ರದ ಬಣ್ಣ, 5/32ಕ್ಕೆ ಕಪ್ಪು. ಕೆಲವು ಜಾತಿಯ ಅಲ್ಯೂಮಿನಿಯಂ ರಿವೆಟ್‌ಗಳನ್ನು ಕಾಯಿಸಿ ತಣಿಸಿದ ಮೇಲೆ ಫ್ರೀಜರಿನಲ್ಲಿಡುತ್ತಾರೆ ಅನ್ನುವುದನ್ನು ಮಾತ್ರ ಯಾರೂ ನಂಬಿರಲಿಲ್ಲ. ಹೊರಗಿಟ್ಟರೆ ತಾನಾಗಿಯೇ ಗಟ್ಟಿಯಾಗುವ ಲೋಹ ಅದು, ಹೊರತೆಗೆದು ಸ್ವಲ್ಪ ಹೊತ್ತಿನಲ್ಲೇ ಬಡಿದು ಮುಗಿಸಬೇಕು. ವಿವರಿಸುತ್ತಿದ್ದ ಹಿರಿಯ ತಂತ್ರಜ್ಞರನ್ನು ಒಬ್ಬ ಇದನ್ನೇ ಕೇಳಿದ. ‘ನಿಮ್ ಮೇಷ್ಟ್ರು ಸುಳ್ಳು ಹೇಳಿಲ್ಲ ಕಣಪ್ಪ’ ಅಂದರು ಅವರು.

ಅವರಿಂದ ನಾನು ಕಲಿತದ್ದು ಉಪಕರಣ ಎಣಿಸುವ ಶಿಸ್ತು. ಪ್ಯಾನೆಲ್ ಮುಚ್ಚುವ ಮುಂಚೆ ತಂದ ಸ್ಪ್ಯಾನರ್, ಬಿಟ್, ಟಾರ್ಚು ಎಲ್ಲ ಲೆಕ್ಕಕ್ಕೆ ಸಿಗಬೇಕು. ಒಂದು ವಾಷರ್ ಒಳಗುಳಿದರೂ ಅದು ಹಾರುವಾಗ ಕಂಟ್ರೋಲ್ ರಾಡಿಗೆ ಸಿಕ್ಕಿಕೊಳ್ಳಬಹುದು. ಬಿಗಿ ಮಾಡಿದ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆಯುವುದೂ ಹಾಗೆಯೇ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಇವೆರಡನ್ನೂ ನಮ್ಮ ವರ್ಕ್‌ಶಾಪಿಗೆ ತಂದಿದ್ದೇನೆ. ಪ್ಲೈವುಡ್ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರ ಬರೆದು ಮೊಳೆ ಹೊಡೆದಿದ್ದೇವೆ. ಸಂಜೆ ಯಾವ ಆಕಾರ ಖಾಲಿ ಇದೆಯೋ ಅದು ಬರುವವರೆಗೆ ಬಾಗಿಲು ಹಾಕುವುದಿಲ್ಲ. ಊರಿನ ಬಸ್ ತಪ್ಪುತ್ತದೆ ಅಂತ ಗೊಣಗಾಟ ಇದ್ದೇ ಇದೆ.

ಫೋಟೊ ಇಲ್ಲದ್ದು ಒಳ್ಳೆಯದೇ ಆಯಿತು. ಮಾರನೇ ದಿನ ಎಲ್ಲರಿಗೂ ಡ್ರಾಯಿಂಗ್ ಶೀಟ್ ಕೊಟ್ಟು, ಮಾರುತ್‌ನಲ್ಲಿ ಕಂಡ ಒಂದು ರಿವೆಟ್ ಜೋಡಣೆಯನ್ನು ನೆನಪಿನಿಂದ ಅಡ್ಡಸೀಳು ನೋಟದಲ್ಲಿ ಬರೆಯಿಸಿದೆ. ಹಾಳೆಗಟ್ಟಲೆ ಪ್ರವಾಸ ವರದಿ ಬರೆಸುವುದಕ್ಕಿಂತ ಇದು ವಾಸಿ. ವರದಿ ಒಬ್ಬ ಬರೆಯುತ್ತಾನೆ, ಉಳಿದವರು ನಕಲು ಹೊಡೆಯುತ್ತಾರೆ.

ಈಗಿನ ಬ್ಯಾಚಿನವರು ಕಾರವಾರದ ಹೆಸರು ಎತ್ತಿದ್ದಾರೆ. ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ನೌಕಾಪಡೆಯ ಗಸ್ತು ವಿಮಾನ ಟುಪೊಲೆವ್-142 ಇಟ್ಟಿದ್ದಾರೆ. 2017ರಲ್ಲಿ ಸೇವೆಯಿಂದ ನಿವೃತ್ತಿಯಾದದ್ದು. ನಾಲ್ಕು ಎಂಜಿನ್, ಒಂದೊಂದಕ್ಕೂ ಎದುರುಬದುರು ತಿರುಗುವ ಜೋಡಿ ಪ್ರೊಪೆಲರ್. ಚೈನ್ ಅಡ್ಡಹಾಯಿಸಿದ ಕತೆಯ ಮುಂದಿನ ಪಾಠ ಅಲ್ಲೇ ಮಾಡಬಹುದು. ಬಸ್ ಬಾಡಿಗೆ ವಿಚಾರಿಸಿದ್ದೇನೆ. ತಲೆಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ ಮನೆಯವರನ್ನು ಒಪ್ಪಿಸುವ ಕೆಲಸ ಹುಡುಗರಿಗೇ ಬಿಟ್ಟಿದ್ದೇನೆ.