ನೆರೆಗೆ ಹಾಳಾದ ಹೊಲ ಮತ್ತೆ ಜೌಗಾಗುವುದು ಹೇಗೆ?

1993ರಲ್ಲಿ ಮಿಸಿಸಿಪ್ಪಿ ಮತ್ತು ಮಿಸೌರಿ ನದಿಗಳು ಏರಿಗಳನ್ನು ಒಡೆದು ನುಗ್ಗಿದಾಗ, ಅಮೆರಿಕದ ಮಧ್ಯ ರಾಜ್ಯಗಳ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳಲ್ಲಿ ಕೆಲವೆಡೆ ಹಲವು ಅಡಿ ಮರಳು ನಿಂತಿತು, ಕೆಲವೆಡೆ ಆಳವಾದ ಕೊರಕಲುಗಳು ಬಿದ್ದವು. ಹೊಲವನ್ನೂ ಏರಿಯನ್ನೂ ಸರಿಪಡಿಸುವ ಖರ್ಚು ಆ ಜಮೀನಿನ ಬೆಲೆಯನ್ನೇ ಮೀರುವಂತಿದ್ದಲ್ಲಿ, ದುರಸ್ತಿಗೆ ಹಣ ಸುರಿಯುವ ಬದಲು ಉಳುಮೆಯ ಹಕ್ಕನ್ನೇ ರೈತರಿಂದ ಕೊಂಡು ಆ ನೆಲವನ್ನು ಮತ್ತೆ ಜೌಗಾಗಿಸುವ ತುರ್ತು ಯೋಜನೆಯೊಂದನ್ನು ಅಲ್ಲಿನ ಕೃಷಿ ಇಲಾಖೆ ತಂದಿತು. ಇಂದಿನ ಯೋಜನೆಗಳೂ ಅದೇ ಜಾಡಿನವು.

ಜಮೀನನ್ನು ಕೊಳ್ಳದೆ ಅದರ ಮೇಲೆ ಪಡೆಯುವ ಇಂಥ ಹಕ್ಕನ್ನು ಅಲ್ಲಿ ಈಸ್‌ಮೆಂಟ್ ಎನ್ನುತ್ತಾರೆ. 1882ರ ಈಸ್‌ಮೆಂಟ್ ಕಾಯ್ದೆಯಿಂದಾಗಿ ಈ ಪದ ನಮ್ಮ ಕೋರ್ಟುಗಳಿಗೂ ಹಳೆಯದೇ. ಪಕ್ಕದವರ ಹೊಲದೊಳಗಿನ ಬಂಡಿದಾರಿಯ ಹಕ್ಕು ಅದಕ್ಕೆ ಪರಿಚಿತ ಉದಾಹರಣೆ. ಅಮೆರಿಕದ ಈ ಯೋಜನೆಗಳಲ್ಲಿ ಮಾತ್ರ ಹಕ್ಕು ಪಡೆಯುವುದು ಸರ್ಕಾರ. ಜಮೀನು ರೈತನ ಹೆಸರಿನಲ್ಲೇ ಇರುತ್ತದೆ, ಆಸ್ತಿ ತೆರಿಗೆಯನ್ನೂ ಅವನೇ ಕಟ್ಟುತ್ತಾನೆ.

ಮೊದಲ ಹೆಜ್ಜೆ, ಯಾವ ಯೋಜನೆ ಎಂದು ಗೊತ್ತುಮಾಡಿಕೊಳ್ಳುವುದು. ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಅಥವಾ 10 ವರ್ಷಗಳಲ್ಲಿ ಎರಡು ಸಲವಾದರೂ ನೆರೆಯಿಂದ ಹಾನಿಗೊಂಡ ಜಮೀನಿಗೆ ನೆರೆಬಯಲಿನ ಈಸ್‌ಮೆಂಟ್ ಇದೆ. ಅದು ಶಾಶ್ವತವಾದದ್ದು, ಅದಕ್ಕೆ ಪ್ರತ್ಯೇಕ ಅನುದಾನ ಬಂದಾಗ ಅರ್ಜಿ ಕರೆಯುತ್ತಾರೆ. 1990ರ ಕೃಷಿ ಕಾಯ್ದೆಯಲ್ಲಿ ಹುಟ್ಟಿ 2014ರಲ್ಲಿ ಬೇರೆ ಹೆಸರಿನ ಯೋಜನೆಯೊಳಗೆ ಸೇರಿದ ಜೌಗುಭೂಮಿ ಈಸ್‌ಮೆಂಟ್ ಇನ್ನೊಂದು. ಅದಕ್ಕೆ ಸಾಮಾನ್ಯವಾಗಿ 24 ತಿಂಗಳ ಮಾಲೀಕತ್ವ ತೋರಿಸಬೇಕು. ಪಿತ್ರಾರ್ಜಿತವಾಗಿ ಬಂದ ಜಮೀನಿಗೆ ವಿನಾಯಿತಿ ಉಂಟು.

ಅರ್ಜಿಯನ್ನು ಕೃಷಿ ಇಲಾಖೆಯ ಸ್ಥಳೀಯ ಸೇವಾ ಕೇಂದ್ರದಲ್ಲಿ ಕೊಡಬೇಕು. ಅಲ್ಲಿನ ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ವಿಭಾಗದವರು ಸ್ಥಳಕ್ಕೆ ಬಂದು ಮಣ್ಣು ಮತ್ತು ನೀರಿನ ದಾರಿಯನ್ನು ನೋಡಿ, ಅರ್ಜಿಗಳಿಗೆ ಅಂಕ ಕೊಟ್ಟು ಆಯ್ಕೆ ಮಾಡುತ್ತಾರೆ. ಜಮೀನಿನ ಮೇಲೆ ಸಾಲವಿದ್ದರೆ ಬ್ಯಾಂಕು ತನ್ನ ಹಕ್ಕು ಈಸ್‌ಮೆಂಟ್‌ಗಿಂತ ಕೆಳಗಿನದೆಂದು ಬರೆದುಕೊಡಬೇಕಾಗುತ್ತದೆ. ಆ ಜಾಗಕ್ಕೆ ಕಾನೂನುಬದ್ಧ ದಾರಿಯೂ ಇರಬೇಕು. ಕಾಗದಪತ್ರ ತಡವಾಗುವುದು ಇಂಥ ಎಡೆಗಳಲ್ಲೇ ಆದ್ದರಿಂದ ಈ ಎರಡನ್ನೂ ಅರ್ಜಿಗೆ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಮುಂದಿನದು ಅವಧಿಯ ಪ್ರಶ್ನೆ. ಜೌಗುಭೂಮಿ ಯೋಜನೆಯಲ್ಲಿ ಶಾಶ್ವತ ಈಸ್‌ಮೆಂಟ್‌ಗೆ ಅದರ ಪೂರ್ಣ ಮೌಲ್ಯವೂ ಪುನಶ್ಚೇತನದ ಖರ್ಚಿನ ಶೇ 75ರಿಂದ 100ರಷ್ಟೂ ಸಿಗುತ್ತದೆ. 30 ವರ್ಷದ್ದಕ್ಕೆ ಎರಡೂ ಶೇ 50ರಿಂದ 75ರಷ್ಟು. ಮಕ್ಕಳ ಕೈಗೆ ಹೊಲ ಮರಳಲಿ ಎಂಬ ಆಸೆಯಿಂದ 30 ವರ್ಷ ಆರಿಸಿಕೊಳ್ಳುವುದು ಸಹಜ. ಆದರೆ ಪದೇಪದೇ ಮುಳುಗುವ ಜಮೀನು ಆಮೇಲೂ ಮುಳುಗುವುದರಿಂದ, ಶಾಶ್ವತದ್ದೇ ಲೆಕ್ಕಕ್ಕೆ ಕೂಡಿಬರುತ್ತದೆ ಎಂಬುದು ಈ ಲೇಖಕನ ಅನಿಸಿಕೆ. ಪತ್ರಕ್ಕೆ ಸಹಿ ಹಾಕುವ ಮುನ್ನ ಉಳಿಯುವುದೇನೆಂದು ಓದಿಕೊಳ್ಳಬೇಕು: ಬೇಟೆ, ಮೀನುಗಾರಿಕೆ, ಹೊರಗಿನವರನ್ನು ತಡೆಯುವ ಅಧಿಕಾರ ರೈತನಿಗೆ ಉಳಿಯುತ್ತವೆ, ಉಳುಮೆಯೂ ಕಟ್ಟಡವೂ ಹೋಗುತ್ತವೆ.

ನಿಜವಾದ ಕೆಲಸ ಆರಂಭವಾಗುವುದು ಇನ್ನು ಮೇಲೆ. ಈ ಬಯಲಿನ ಎಷ್ಟೋ ಹೊಲಗಳ ಅಡಿಯಲ್ಲಿ ಮೂರ್ನಾಲ್ಕು ಅಡಿ ಆಳಕ್ಕೆ ಬಸಿ ಕೊಳವೆಗಳಿವೆ, ಹಳೆಯವು ಸುಟ್ಟ ಮಣ್ಣಿನವು, ಈಚಿನವು ತೂತುಳ್ಳ ಪ್ಲಾಸ್ಟಿಕ್‌ನವು. ತಗ್ಗು ನೆಲವನ್ನು ಒಣಗಿಸಿಟ್ಟಿರುವುದೇ ಅವು. ಯಂತ್ರದಿಂದ ಅಗೆದು ಕೊಳವೆಯ ಒಂದು ಭಾಗವನ್ನು ಕಿತ್ತು, ಜೇಡಿಮಣ್ಣು ತುಂಬಿ ಬಿಗಿಯಾಗಿ ತುಳಿಸಿದರೆ ನೀರು ಹಳೆಯ ಮಟ್ಟಕ್ಕೆ ಮೆಲ್ಲಗೆ ಏರತೊಡಗುತ್ತದೆ. ಅದೇ ಕೊಳವೆಯಲ್ಲಿ ಪಕ್ಕದವನ ಹೊಲದ ನೀರೂ ಬರುತ್ತಿದ್ದರೆ, ತೂತಿಲ್ಲದ ಕೊಳವೆಯಲ್ಲಿ ಅದನ್ನು ಜೌಗು ದಾಟಿಸಿ ಸಾಗಿಸಬೇಕು. ಇಲ್ಲವಾದರೆ ಒಬ್ಬನ ಜೌಗು ಇನ್ನೊಬ್ಬನ ಬೆಳೆಯನ್ನು ಕೊಳೆಸುತ್ತದೆ. ಬಸಿಗಾಲುವೆಗಳನ್ನೂ ಅಲ್ಲಲ್ಲಿ ಮಣ್ಣಿನಿಂದ ಮುಚ್ಚುತ್ತಾರೆ, ಸಮತಟ್ಟಾಗಿಸಿದ್ದ ಹೊಲದಲ್ಲಿ ಬೇಕೆಂದೇ ತಗ್ಗು ದಿಬ್ಬಗಳನ್ನು ಮೂಡಿಸುತ್ತಾರೆ.

ನೀರು ನಿಲ್ಲುವಲ್ಲಿ ಗಿಡ್ಡ ಒಡ್ಡು ಹಾಕಿ, ಅದಕ್ಕೊಂದು ಹಲಗೆ ತೂಬು ಕೂರಿಸುವುದುಂಟು. ಒಂದರ ಮೇಲೊಂದು ಜೋಡಿಸಿದ ಹಲಗೆಗಳಲ್ಲಿ ಮೇಲಿನದನ್ನು ವಸಂತದಲ್ಲಿ ಎತ್ತಿದರೆ ನೀರು ಕೆಲವೇ ಅಂಗುಲ ಇಳಿದು ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳು ಹೆಕ್ಕಲು ಗೊರವಗಳ ಜಾತಿಯ ಹಕ್ಕಿಗಳು ಇಳಿಯುತ್ತವೆ, ಮಣ್ಣಿನಲ್ಲೇ ಮಲಗಿದ್ದ ಬೀಜಗಳು ಮೊಳೆತು ಶರತ್ಕಾಲದ ಹೊತ್ತಿಗೆ ಬಾತುಗಳಿಗೆ ಮೇವಾಗುತ್ತವೆ. ವಿಲೋ, ಕಾಟನ್‌ವುಡ್ ಮರಗಳು ತಾವಾಗಿಯೇ ಹುಟ್ಟುವುದರಿಂದ, ಬೀಜ ಭಾರವಾದ ಓಕ್‌ಗಳನ್ನು ನೆಡುವುದಕ್ಕೆ ಹಣವಿಡುವುದು ಜಾಣತನ.

ಆಮೇಲಿನದು ಪಾಲನೆ. ಅಧಿಕಾರಿಗಳು ಆಗಾಗ ಬಂದು ನೋಡುತ್ತಾರೆ. ಮೇಯಿಸುವುದಕ್ಕೂ ಹುಲ್ಲು ಕೊಯ್ಯುವುದಕ್ಕೂ ಅವರಿಂದ ಲಿಖಿತ ಅನುಮತಿ ಬೇಕು, ಅದೂ ಜೌಗಿಗೆ ಒಳಿತಾಗುವಂತಿದ್ದರೆ ಮಾತ್ರ, ಗೊತ್ತಾದ ಅವಧಿಗೆ ಮಾತ್ರ ಸಿಗುತ್ತದೆ. ಅವಧಿ ಮುಗಿದೊಡನೆ ಹೊಸದಾಗಿ ಕೇಳಬೇಕು.