ಮೆಗಾ ಡ್ರೈವೋ, ಸೂಪರ್ ನಿಂಟೆಂಡೊವೋ: ಬಾಲ್ಯದ ಆಯ್ಕೆಯನ್ನು ಈಗ ಮತ್ತೆ ಮಾಡುವವರಿಗೆ

ಮನೆಗೆ ಟಿವಿಗೆ ಜೋಡಿಸುವ ಒಂದೇ ಗೇಮ್ ಕನ್ಸೋಲ್ ಬರುತ್ತಿದ್ದ ಕಾಲದಲ್ಲಿ ಸೆಗಾ ಮೆಗಾ ಡ್ರೈವ್ ಬೇಕೋ ಸೂಪರ್ ನಿಂಟೆಂಡೊ ಬೇಕೋ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಹೆಚ್ಚಾಗಿ ಜಾಹೀರಾತು, ಇಲ್ಲವೇ ಗೆಳೆಯರ ಹತ್ತಿರ ಇದ್ದ ಆಟಗಳು. ಆಗ ಆಡಿದ್ದನ್ನೇ ಮತ್ತೆ ಕೊಳ್ಳಬೇಕೆ, ಕೈತಪ್ಪಿದ್ದನ್ನು ಈಗಲಾದರೂ ತರಬೇಕೆ ಎಂದು ಯೋಚಿಸುವವರು ಹಳೆಯ ಜಗಳವನ್ನು ಪಕ್ಕಕ್ಕಿಡುವುದು ಒಳ್ಳೆಯದು. ಮೂವತ್ತು ವರ್ಷ ದಾಟಿದ ಯಂತ್ರ ಕೊಳ್ಳುವಾಗ ಲೆಕ್ಕಕ್ಕೆ ಬರುವುದು ನಾಲ್ಕೇ ಸಂಗತಿ: ನಿಮಗೆ ಬೇಕಾದ ಆಟಗಳು, ಅವು ಯಾವ ಪ್ರದೇಶದವು, ಒಳಗಿನ ಬೋರ್ಡ್ ಯಾವುದು, ಅಡಾಪ್ಟರ್ ಯಾವುದು.

ಮೊದಲು ಆಟಗಳ ಪಟ್ಟಿ

ಈಗ ನಿಜವಾಗಿಯೂ ಕುಳಿತು ಆಡುವಂಥ ಹತ್ತು ಆಟಗಳ ಹೆಸರು ಬರೆಯಿರಿ. ಎರಡೂ ಕನ್ಸೋಲಿನಲ್ಲಿ ಒಂದೇ ಹೆಸರಿದ್ದರೆ ಆಟವೂ ಒಂದೇ ಎಂದುಕೊಳ್ಳಬೇಡಿ. 1993ರ ಅಲಾದಿನ್ ಮೆಗಾ ಡ್ರೈವಿನಲ್ಲಿ ವರ್ಜಿನ್ ಮಾಡಿದ್ದು, ಸೂಪರ್ ನಿಂಟೆಂಡೊದಲ್ಲಿ ಕ್ಯಾಪ್‌ಕಾಮ್ ಮಾಡಿದ್ದು. ಹೆಸರು ಬಿಟ್ಟರೆ ಎರಡೂ ಬೇರೆ ಬೇರೆ ಆಟಗಳೇ. ಅದೇ ವರ್ಷದ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ನಿಂಟೆಂಡೊ ರಕ್ತದ ಬದಲು ಬೂದು ಬಣ್ಣದ ಬೆವರು ತೋರಿಸಿತು. ಸೆಗಾದಲ್ಲಿ ಎ, ಬಿ, ಎ, ಸಿ, ಎ, ಬಿ, ಬಿ ಒತ್ತಿದರೆ ರಕ್ತ ಬರುತ್ತಿತ್ತು. ಸ್ಟ್ರೀಟ್ ಫೈಟರ್ 2 ಆಡುವ ಆಸೆಯಿದ್ದು ಮೆಗಾ ಡ್ರೈವ್ ಕೊಳ್ಳುವುದಾದರೆ ಆರು ಬಟನ್ನಿನ ಕಂಟ್ರೋಲರನ್ನೂ ಸೇರಿಸಿಕೊಳ್ಳಿ. ಮೂರು ಬಟನ್ನಿನದರಲ್ಲಿ ಪಂಚಿನಿಂದ ಕಿಕ್ಕಿಗೆ ಬದಲಾಗಲು ಪ್ರತಿ ಸಲ ಸ್ಟಾರ್ಟ್ ಒತ್ತಬೇಕು. ಅದು ಆಟವೇ ಅಲ್ಲ, ಶಿಕ್ಷೆ.

ಅಂಕಿ ಹಿಡಿದು ವಾದಿಸುವವರಿಗೆ ಒಂದು ಮಾತು. ಮೆಗಾ ಡ್ರೈವಿನ ಮೊಟೊರೊಲಾ 68000 ಪ್ರೊಸೆಸರ್ ಓಡುವುದು ಸುಮಾರು 7.67 ಮೆಗಾಹರ್ಟ್ಸ್‌ನಲ್ಲಿ, ಸೂಪರ್ ನಿಂಟೆಂಡೊದ್ದು ಹೆಚ್ಚೆಂದರೆ 3.58ರಲ್ಲಿ. ಎರಡೂ ಬೇರೆ ಜಾತಿಯ ಚಿಪ್‌ಗಳಾದ್ದರಿಂದ ಒಂದು ಎರಡರಷ್ಟು ವೇಗದ್ದು ಎನ್ನಲು ಬರುವುದಿಲ್ಲ. ಆದರೂ ತೆರೆಯ ತುಂಬ ಶತ್ರುಗಳು, ಗುಂಡುಗಳು ಹಾರುವ ಆಟಗಳಲ್ಲಿ ಸೆಗಾ ಸಲೀಸಾಗಿ ಓಡುತ್ತದೆ. ನಿಂಟೆಂಡೊದ ಗ್ರೇಡಿಯಸ್ 3 ಅಂಥ ಕಡೆ ತೆವಳುತ್ತದೆ. ಬಣ್ಣದಲ್ಲಿ ಮಾತ್ರ ಪೈಪೋಟಿಯೇ ಇಲ್ಲ. ನಿಂಟೆಂಡೊದ ಬಳಿ 32,768 ಬಣ್ಣಗಳಿದ್ದು ಒಮ್ಮೆಗೆ 256 ತೋರಿಸಬಲ್ಲದು, ಸೆಗಾದ ಬಳಿ 512 ಇದ್ದು ಒಮ್ಮೆಗೆ ಅರವತ್ತರ ಆಸುಪಾಸು.

ದೀರ್ಘ ಕಥೆಯ ರೋಲ್ ಪ್ಲೇಯಿಂಗ್ ಆಟಗಳು, ಝೆಲ್ಡಾ, ಸೂಪರ್ ಮೆಟ್ರಾಯ್ಡ್ ನಿಮ್ಮ ಪಟ್ಟಿಯಲ್ಲಿ ಹೆಚ್ಚಿದ್ದರೆ ಸೂಪರ್ ನಿಂಟೆಂಡೊ ತೆಗೆದುಕೊಳ್ಳಿ. ಸ್ಟ್ರೀಟ್ಸ್ ಆಫ್ ರೇಜ್ 2, ಗನ್‌ಸ್ಟಾರ್ ಹೀರೋಸ್, ಥಂಡರ್ ಫೋರ್ಸ್ 4 ಬಗೆಯವು ಹೆಚ್ಚಿದ್ದರೆ ಮೆಗಾ ಡ್ರೈವ್. ಸಮಸಮ ಬಂದರೆ ಸದ್ದು ಕೇಳಿ ನಿರ್ಧರಿಸಿ. ಸೆಗಾದ ಯಮಾಹಾ ಎಫ್‌ಎಂ ಚಿಪ್ ಸ್ವರವನ್ನು ತಾನೇ ಹುಟ್ಟಿಸುತ್ತದೆ, ಹಾಗಾಗಿ ಲೋಹದಂಥ ಖಣಖಣ. ನಿಂಟೆಂಡೊ ಮೊದಲೇ ರೆಕಾರ್ಡ್ ಮಾಡಿದ ತುಣುಕುಗಳನ್ನು ನುಡಿಸುತ್ತದೆ, ಹಾಗಾಗಿ ಮೃದು, ಕೆಲವೊಮ್ಮೆ ಸ್ವಲ್ಪ ಮಂಕು. ಈ ವ್ಯತ್ಯಾಸ ಎಷ್ಟು ದಿನವಾದರೂ ಕಿವಿಗೆ ಹೊಡೆಯುತ್ತಲೇ ಇರುತ್ತದೆ.

ಪ್ರದೇಶ

ಜಪಾನ್ ಮತ್ತು ಅಮೆರಿಕದ ಸೂಪರ್ ನಿಂಟೆಂಡೊಗಳಲ್ಲಿ, ಬೇರೆ ಪ್ರದೇಶದ ಆಟ ಓಡದಂತೆ ತಡೆಯುವ ಲಾಕ್ ಚಿಪ್ ಒಂದೇ. ಜಪಾನಿನ ಕಾರ್ಟ್ರಿಜ್ (ಆಟ ಇರುವ ಪ್ಲಾಸ್ಟಿಕ್ ಡಬ್ಬಿ) ಅಮೆರಿಕದ ಕನ್ಸೋಲಿನೊಳಗೆ ಇಳಿಯದಂತೆ ತಡೆಯುವುದು ಸ್ಲಾಟಿನ ಒಳಗಿರುವ ಎರಡು ಪ್ಲಾಸ್ಟಿಕ್ ಹಲ್ಲುಗಳು ಮಾತ್ರ. ಅವನ್ನು ಕತ್ತರಿಸಿದರೆ ಮುಗಿಯಿತು. ಯೂರೋಪಿನ ಕನ್ಸೋಲಿನಲ್ಲಿ ಚಿಪ್ಪೇ ಬೇರೆ, ಈ ಉಪಾಯ ನಡೆಯದು. ಮೆಗಾ ಡ್ರೈವಿನ ಆರಂಭದ ಆಟಗಳಲ್ಲಿ ಹೆಚ್ಚಿನವಕ್ಕೆ ಪ್ರದೇಶದ ಕಟ್ಟುಪಾಡಿಲ್ಲ, ನಂತರದ ಹಲವು ಆಟಗಳು ಸಾಫ್ಟ್‌ವೇರಿನಲ್ಲೇ ಪರೀಕ್ಷಿಸಿ ನಿಲ್ಲುತ್ತವೆ.

ಯೂರೋಪಿನ 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಚಿತ್ರ ಬದಲಿಸುವ) ಕನ್ಸೋಲ್‌ಗಳ ಬಗ್ಗೆ ಎಚ್ಚರ. ವೇಗ ಹೊಂದಿಸದೆ ತಂದ ಆಟಗಳು ಇವುಗಳಲ್ಲಿ ಸುಮಾರು ಶೇ. 17ರಷ್ಟು ನಿಧಾನ ಓಡುತ್ತವೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಬಾಲ್ಯದಲ್ಲಿ ಅದನ್ನೇ ಆಡಿದವರಿಗೆ ಅದೇ ಸರಿ ಅನ್ನಿಸಬಹುದು. ಉಳಿದವರು 60 ಹರ್ಟ್ಸ್‌ನದ್ದೇ ಹುಡುಕಲಿ.

ಅಡಾಪ್ಟರ್: ಇಲ್ಲಿ ಅವಸರ ಬೇಡ

ಪಿನ್ನು ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಸಿಕ್ಕಿದ್ದನ್ನು ಸಿಕ್ಕಿಸಿದರೆ ಯಂತ್ರ ಹಾಳಾಗುತ್ತದೆ. ಮೆಗಾ ಡ್ರೈವಿನ ಮೊದಲ ಮಾದರಿಗೆ 9 ವೋಲ್ಟ್ ಡಿಸಿ, 1.2 ಆಂಪಿಯರ್ ಬೇಕು. ಪಿನ್ನಿನ ಒಳಭಾಗ ನೆಗೆಟಿವ್, ಹೊರಗಿನ ಕೊಳವೆ ಪಾಸಿಟಿವ್. ಎರಡನೇ ಮಾದರಿಗೆ 10 ವೋಲ್ಟ್ ಡಿಸಿ, 0.85 ಆಂಪಿಯರ್, ಪಿನ್ನು ಸಣ್ಣದು, ಧ್ರುವವೂ ತಿರುವುಮುರುವು, ಒಳಗೆ ಪಾಸಿಟಿವ್. ಸೂಪರ್ ಫ್ಯಾಮಿಕಾಮ್‌ಗೆ (ಜಪಾನಿನಲ್ಲಿ ಸೂಪರ್ ನಿಂಟೆಂಡೊದ ಹೆಸರು) 10 ವೋಲ್ಟ್ ಡಿಸಿ, ಒಳಗೆ ನೆಗೆಟಿವ್. ಅಮೆರಿಕದ ಸೂಪರ್ ನಿಂಟೆಂಡೊಗೂ 10 ವೋಲ್ಟ್ ಡಿಸಿಯೇ, ಆದರೆ ಅದರ ಪಿನ್ನಿನ ಆಕಾರ ಅದಕ್ಕೆ ಮಾತ್ರ ಹೊಂದುವಂಥದ್ದು. ಯೂರೋಪಿನದಕ್ಕೆ 9 ವೋಲ್ಟ್ ಎಸಿ.

ನೆನಪಿಡಬೇಕಾದ್ದು ಈ ಕೊನೆಯದು. ಹಳೆಯ 8 ಬಿಟ್ ನಿಂಟೆಂಡೊದ ಅಡಾಪ್ಟರ್ ಕೂಡ ಎಸಿ ಕೊಡುವಂಥದ್ದು, ಅದು ಸೂಪರ್ ಫ್ಯಾಮಿಕಾಮ್‌ಗೆ ಚೆನ್ನಾಗಿಯೇ ಕೂರುತ್ತದೆ. ಹಾಕಿದರೆ ಸಾಮಾನ್ಯವಾಗಿ ಹೋಗುವುದು ಬೋರ್ಡಿಗೆ ಬೆಸುಗೆ ಹಾಕಿರುವ 1.5 ಆಂಪಿಯರ್‌ನ ಪುಟ್ಟ ಫ್ಯೂಸ್. "ಲೈಟೇ ಬರುತ್ತಿಲ್ಲ" ಎಂದು ಅಗ್ಗಕ್ಕೆ ಮಾರುವ ಸೂಪರ್ ನಿಂಟೆಂಡೊಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಎರಡು ತುದಿ ಮುಟ್ಟಿಸಿ, ಬೀಪ್ ಬರದಿದ್ದರೆ ಅದೇ ಮಾಪದ ಫ್ಯೂಸ್ ಬದಲಿಸಿ. ತಂತಿ ಬೆಸೆದು ಕೆಲಸ ಮುಗಿಸಬೇಡಿ: ಮುಂದಿನ ಸಲ ಫ್ಯೂಸಿನ ಬದಲು ಬೋರ್ಡೇ ಸುಡುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ಸೂಪರ್ ನಿಂಟೆಂಡೊವನ್ನು ಸೂಪರ್ ಮಾರಿಯೊ ವರ್ಲ್ಡ್ ಒಂದನ್ನೇ ಹಾಕಿ ನೋಡಿ ಒಪ್ಪಿಕೊಳ್ಳಬೇಡಿ. ಸ್ಲಾಟಿನಲ್ಲಿ ಒಟ್ಟು 62 ಸಂಪರ್ಕಗಳಿವೆ; ಸಾಮಾನ್ಯ ಆಟಗಳು ಬಳಸುವುದು ನಡುವಿನ 46ನ್ನು ಮಾತ್ರ. ಸ್ಟಾರ್ ಫಾಕ್ಸ್, ಯೋಶೀಸ್ ಐಲ್ಯಾಂಡ್, ಸೂಪರ್ ಮಾರಿಯೊ ಆರ್‌ಪಿಜಿ ಮೊದಲಾದ, ಹೆಚ್ಚುವರಿ ಚಿಪ್ ಇರುವ ಆಟಗಳಿಗೆ ಎರಡು ಬದಿಯ ಪಿನ್ನುಗಳೂ ಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ಆ ಬದಿಗಳಲ್ಲೇ ಕಿಲುಬು ಕಟ್ಟಿರುತ್ತದೆ. ಹಾಗಾಗಿ ಮಾರಿಯೊ ಓಡಿ ಸ್ಟಾರ್ ಫಾಕ್ಸ್ ಕಪ್ಪು ತೆರೆ ತೋರಿಸಿದರೆ ಗಾಬರಿ ಬೇಡ, ಸ್ಲಾಟ್ ಶುಚಿ ಮಾಡಿದರೆ ಸಾಕಾಗಬಹುದು. ತೆರೆಯ ಮೇಲೆ ಬಣ್ಣ ಮಾಯವಾಗುವುದು, ಪಾತ್ರಗಳು ಚೂರಾಗಿ ಕಾಣುವುದು, ಶುಚಿ ಮಾಡಿದ ಮೇಲೂ ಬೇರೆ ಬೇರೆ ಆಟಗಳಲ್ಲಿ ಅದೇ ದೋಷ ಉಳಿಯುವುದು ಗಂಭೀರ ಲಕ್ಷಣ. ಗ್ರಾಫಿಕ್ಸ್ ಚಿಪ್ ಅಥವಾ ಪ್ರೊಸೆಸರ್ ಹೋಗಿದೆ ಎಂದರ್ಥ. ಹೊಸದು ಸಿಗುವುದಿಲ್ಲ, ಇನ್ನೊಂದು ಕೆಟ್ಟ ಯಂತ್ರದಿಂದಲೇ ಕಿತ್ತು ಹಾಕಬೇಕು. ಅಂಥದ್ದನ್ನು ಬಿಟ್ಟುಬಿಡಿ.

ಹೊರ ಕವಚ ಹಳದಿಯಾಗಿದ್ದರೆ ಬೆಲೆ ಇಳಿಸಲು ಅದನ್ನು ಬಳಸಿಕೊಳ್ಳಿ, ಅಷ್ಟೇ. ಓಟಕ್ಕೂ ಅದಕ್ಕೂ ಸಂಬಂಧವಿಲ್ಲ, ಪೆರಾಕ್ಸೈಡ್ ಹಚ್ಚಿ ಬಿಳುಪು ಮಾಡಿದರೂ ಬಣ್ಣ ಮತ್ತೆ ಮರಳಬಹುದು.

ಮೆಗಾ ಡ್ರೈವಿನಲ್ಲಿ ನೋಡಬೇಕಾದ್ದು ಬೇರೆ. ಮೊದಲ ಮಾದರಿಯಲ್ಲಿ ಮುಂಭಾಗದ ಹೆಡ್‌ಫೋನ್ ಕಿಂಡಿಯಿಂದ ಮಾತ್ರ ಸ್ಟೀರಿಯೊ ಬರುತ್ತದೆ, ಹಿಂದಿನ ಎವಿ ಕಿಂಡಿಯಲ್ಲಿ ಮೊನೊ. ವಾಲ್ಯೂಮ್ ಸ್ಲೈಡರ್ ಸರಿಸುವಾಗ ಕರಕರ ಸದ್ದಾದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಪವರ್ ಪಿನ್ನನ್ನು ಮೆಲ್ಲಗೆ ಅಲುಗಾಡಿಸಿ. ಆಟ ರೀಸೆಟ್ ಆದರೆ ಕಿಂಡಿಯ ಬೆಸುಗೆ ಬಿರುಕು ಬಿಟ್ಟಿದೆ, ಮತ್ತೆ ಬೆಸೆದರೆ ಸರಿಯಾಗುತ್ತದೆ. ಲೈಟ್ ಬಂದೂ ಚಿತ್ರ ಚೆಲ್ಲಾಪಿಲ್ಲಿಯಾದರೆ ಒಳಗಿರುವ, ವೋಲ್ಟೇಜನ್ನು 5ಕ್ಕೆ ಇಳಿಸುವ ಎರಡು 7805 ರೆಗ್ಯುಲೇಟರ್‌ಗಳ ಔಟ್‌ಪುಟ್ ಕಾಲಿನಲ್ಲಿ 5 ವೋಲ್ಟ್ ಇದೆಯೇ ಅಳೆಯಿರಿ. ಸದ್ದಿಗೆ ಬೆಲೆ ಕೊಡುವವರು ಬೋರ್ಡಿನ ಸಂಖ್ಯೆ ಕೇಳಲೇಬೇಕು. ಮೊದಲ ಮಾದರಿಯಲ್ಲಿ ವಿಎ6ರ ತನಕ ಒಳ್ಳೆಯ ಧ್ವನಿ, ವಿಎ7ರಲ್ಲಿ ಅದು ಕುಸಿಯಿತು. ಎರಡನೇ ಮಾದರಿಯ ಆರಂಭದ ಬೋರ್ಡ್‌ಗಳದ್ದೂ ಕಳಪೆಯೇ. 32ಎಕ್ಸ್ (ಮೆಗಾ ಡ್ರೈವಿನ ಮೇಲೆ ಕೂರಿಸುವ ಹೆಚ್ಚುವರಿ ಸಾಧನ) ಜೊತೆಗೆ ಕೊಳ್ಳುವುದಾದರೆ ಕನ್ಸೋಲಿನಿಂದ ಅದಕ್ಕೆ ಹೋಗುವ ಸಣ್ಣ ಲಿಂಕ್ ಕೇಬಲ್ ಇದೆಯೇ ನೋಡಿ. ಅದಿಲ್ಲದೆ ಚಿತ್ರ ಸರಿಯಾಗಿ ಬರದು.

ಕಾರ್ಟ್ರಿಜ್ ಶುಚಿ ಮತ್ತು ಬ್ಯಾಟರಿ

ಊದಬೇಡಿ. ಉಸಿರಿನ ತೇವ ಪಿನ್ನಿಗೆ ಒಳ್ಳೆಯದಲ್ಲ; ಊದಿದಾಗ ಓಡುತ್ತಿದ್ದದ್ದು ಬಹುಮಟ್ಟಿಗೆ ಕಿತ್ತು ಮತ್ತೆ ಹಾಕಿದ್ದರಿಂದ. ಇಯರ್‌ಬಡ್ಡನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಪಿನ್ನುಗಳ ಉದ್ದಕ್ಕೆ ಉಜ್ಜಿ, ಬಡ್ ಕಪ್ಪಾಗುವುದು ನಿಲ್ಲುವ ತನಕ ಬದಲಿಸುತ್ತಿರಿ, ಒಣಗಲು ಐದು ನಿಮಿಷ ಬಿಡಿ. ಉಪ್ಪುಕಾಗದ ಹಚ್ಚಿದರೆ ಮೇಲಿನ ಲೇಪನವೇ ಹೋಗುತ್ತದೆ. ಬಿಚ್ಚಲು ವಿಶೇಷ ಗೇಮ್‌ಬಿಟ್ ಸ್ಕ್ರೂಡ್ರೈವರ್ ಬೇಕು: ನಿಂಟೆಂಡೊ ಕಾರ್ಟ್ರಿಜ್‌ಗೆ 3.8 ಮಿ.ಮೀ., ಕನ್ಸೋಲಿಗೆ 4.5 ಮಿ.ಮೀ.

ಆಟ ಎಲ್ಲಿಗೆ ಬಂತೆಂಬ ದಾಖಲೆಯನ್ನು (ಸೇವ್) ಉಳಿಸುವ ಬ್ಯಾಟರಿ ಸಾಮಾನ್ಯವಾಗಿ ಸಿಆರ್2032. ಮೀಟರಿನಲ್ಲಿ 3 ವೋಲ್ಟಿನ ಹತ್ತಿರವಿದ್ದರೆ ಮುಟ್ಟಬೇಡಿ, 2.5ಕ್ಕಿಂತ ಇಳಿದಿದ್ದರೆ ಬದಲಿಸಿ. ಲೋಹದ ಕಾಲುಗಳನ್ನು ಮೊದಲೇ ವೆಲ್ಡ್ ಮಾಡಿರುವ ಬ್ಯಾಟರಿಯನ್ನೇ ತನ್ನಿ. ಬರೀ ಬ್ಯಾಟರಿಗೆ ನೇರ ಬೆಸುಗೆ ಹಾಕಿದರೆ ಶಾಖಕ್ಕೆ ಅದು ಸೋರಬಹುದು, ಸಿಡಿಯಲೂಬಹುದು. ಕಿತ್ತ ಕೂಡಲೇ ಹಳೆಯ ಸೇವ್ ಅಳಿಯುತ್ತದೆ, ಬೇಕಿದ್ದರೆ ಕಾರ್ಟ್ರಿಜ್ ರೀಡರ್‌ನಿಂದ ಮೊದಲೇ ನಕಲು ತೆಗೆದಿಡಿ. ಸಾನಿಕ್ 3ರಲ್ಲಿ ಬ್ಯಾಟರಿಯನ್ನು ಹುಡುಕಲು ಹೋಗಬೇಡಿ. ಅದು ಬ್ಯಾಟರಿ ಬೇಡದ ಎಫ್‌ರ‍್ಯಾಮ್ ಚಿಪ್ಪಿನಲ್ಲಿ ಉಳಿಸುತ್ತದೆ.

ದುಬಾರಿ ಆಟವಾದರೆ ಬಿಚ್ಚಿ ತೋರಿಸಿ ಎಂದು ಕೇಳಿ. ಅಸಲಿ ನಿಂಟೆಂಡೊ ಬೋರ್ಡಿನ ಮೇಲೆ ಕಂಪನಿಯ ಹೆಸರು, ವರ್ಷ ಅಚ್ಚಾಗಿರುತ್ತದೆ. ಚಿಪ್ ಇರಬೇಕಾದಲ್ಲಿ ಕಪ್ಪು ಅಂಟಿನ ಗುಡ್ಡೆ ಕಂಡರೆ ಅನುಮಾನಿಸಿ.

ಟಿವಿಗೆ ಜೋಡಣೆ

ಇವೆರಡೂ ಸಾಮಾನ್ಯವಾಗಿ ಕಳಿಸುವುದು 240ಪಿ, ಅಂದರೆ 240 ಗೆರೆಗಳನ್ನು ಒಟ್ಟಿಗೇ ತೋರಿಸುವ ಚಿತ್ರ. ಹೊಸ ಟಿವಿಗಳಲ್ಲಿ ಹಲವು ಅದನ್ನು 480ಐ (480 ಗೆರೆಗಳನ್ನು ಎರಡು ಕಂತಿನಲ್ಲಿ ತೋರಿಸುವ ಚಿತ್ರ) ಎಂದು ತಪ್ಪಾಗಿ ಗ್ರಹಿಸಿ ಮಸುಕು ಮಾಡುತ್ತವೆ, ಬಟನ್ ಒತ್ತಿದ್ದಕ್ಕೂ ಜಿಗಿತಕ್ಕೂ ನಡುವೆ ವಿಳಂಬ ಸೇರಿಸುತ್ತವೆ. ಹಳೆಯ ಚಿತ್ರವನ್ನು ಹೊಸ ಟಿವಿಗೆ ಹೊಂದುವಂತೆ ಹಿಗ್ಗಿಸುವ, ರೆಟ್ರೋಟಿಂಕ್ ಅಥವಾ ಒಎಸ್‌ಎಸ್‌ಸಿ ಮಾದರಿಯ ಅಪ್‌ಸ್ಕೇಲರ್ ನಡುವೆ ಇಟ್ಟರೆ ಎರಡೂ ತೊಂದರೆ ಬಹುಮಟ್ಟಿಗೆ ನೀಗುತ್ತವೆ.

ಕೆಂಪು, ಹಸಿರು, ನೀಲಿ ಸಂಕೇತಗಳನ್ನು ಬೇರೆ ಬೇರೆಯಾಗಿ ಒಯ್ದು ಚಿತ್ರ ಸ್ಫುಟಗೊಳಿಸುವ ಆರ್‌ಜಿಬಿ ಕೇಬಲ್ ಕೊಳ್ಳುವಾಗ ಕನ್ಸೋಲಿನ ಪ್ರದೇಶವನ್ನು ಮಾರುವವರಿಗೆ ತಿಳಿಸಿ. ಜಪಾನ್, ಅಮೆರಿಕದ ಸೂಪರ್ ನಿಂಟೆಂಡೊ ಕೇಬಲಿನ ಒಳಗೆ 220 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಬೇಕು, ಯೂರೋಪಿನದರಲ್ಲಿ 75 ಓಮ್ ರೆಸಿಸ್ಟರ್. ಒಂದರಲ್ಲಿ ಸಿಂಕ್ ಸಂಕೇತ (ಚಿತ್ರದ ಗೆರೆಗಳನ್ನು ಸರಿಯಾಗಿ ಕೂರಿಸುವಂಥದ್ದು) ಕೊಡುವ 3ನೇ ಪಿನ್ನು ಇನ್ನೊಂದರಲ್ಲಿ 12 ವೋಲ್ಟ್ ಕೊಡುತ್ತದೆ. ಅದಲುಬದಲಾದರೆ ಅಪ್‌ಸ್ಕೇಲರ್ ಸುಟ್ಟೀತು. 1997ರ ಸಣ್ಣ ಸೂಪರ್ ನಿಂಟೆಂಡೊದಲ್ಲಿ ಚಿತ್ರ ಸ್ವಚ್ಛ, ಆದರೆ ಒಳಗೆ ಬೆಸುಗೆ ಕೆಲಸ ಮಾಡಿಸದೆ ಆರ್‌ಜಿಬಿ ಹೊರಬರದು.

ಮೆಗಾ ಡ್ರೈವಿಗೆ ಆರ್‌ಜಿಬಿ ಹಾಕಿದರೆ ಒಂದು ಅಚ್ಚರಿ ಕಾದಿದೆ. ಸಾನಿಕ್‌ನ ಗ್ರೀನ್ ಹಿಲ್ ಜಲಪಾತ ಒಂದು ಗೆರೆ ನೀರು, ಒಂದು ಗೆರೆ ಖಾಲಿ ಎಂಬಂತೆ ಲಂಬ ಪಟ್ಟಿಗಳಲ್ಲಿ ಬರೆದದ್ದು. ಹಳದಿ ಪಿನ್ನಿನ ಕಾಂಪೊಸಿಟ್ ಕೇಬಲಿನ ಮಸುಕಿನಲ್ಲಿ ಅವು ಕಲೆತು ಪಾರದರ್ಶಕ ನೀರಾಗುತ್ತಿದ್ದವು. ಆರ್‌ಜಿಬಿಯಲ್ಲಿ ಪಟ್ಟಿಗಳು ಪಟ್ಟಿಗಳಾಗಿಯೇ ಕಾಣುತ್ತವೆ. ನೆನಪಿನಲ್ಲಿರುವ ಜಲಪಾತವೇ ಬೇಕೆಂದರೆ ಹಳದಿ ಪಿನ್ನಿನ ಕೇಬಲನ್ನೂ ಎಸೆಯದೆ ಇಟ್ಟುಕೊಳ್ಳಿ. ತೆರೆಗೆ ಗುರಿಯಿಟ್ಟು ಆಡುವ ಬಂದೂಕುಗಳಾದ ನಿಂಟೆಂಡೊದ ಸೂಪರ್ ಸ್ಕೋಪ್, ಸೆಗಾದ ಮೆನೇಸರ್‌ಗಳಿಗಂತೂ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯೇ ಆಗಬೇಕು, ಚಪ್ಪಟೆ ತೆರೆಯಲ್ಲಿ ಅವು ಗುರಿಯನ್ನು ಗುರುತಿಸುವುದೇ ಇಲ್ಲ.