ಗಟ್ಟಿಯಾದ ಜೇನನ್ನು ಕೆಡಿಸದೆ ಕರಗಿಸುವುದು ಹೇಗೆ?

ಡಿಸೆಂಬರ್ ಚಳಿ ಬಿತ್ತೆಂದರೆ ಮಡಿಕೇರಿಯ ಅಡುಗೆಮನೆಗಳಲ್ಲಿ ಜೇನಿನ ಬಾಟಲಿ ತಳದಿಂದ ಬೆಳ್ಳಗಾಗುತ್ತಾ ಬರುತ್ತದೆ. ‘ಸಕ್ಕರೆ ಪಾಕ ಬೆರೆಸಿದ್ದಾರೆ’ ಅಂತ ಸುಮ್ನೆ ಎಸೆಯಬೇಡಿ. ಜೇನಿನ ಗ್ಲೂಕೋಸ್ ಹರಳುಗಟ್ಟಿದೆ, ಅಷ್ಟೇ. 14 ಡಿಗ್ರಿ ಆಸುಪಾಸಿನಲ್ಲಿ ಇದು ಬಲು ಬೇಗ ಆಗುತ್ತದೆ.

ಅಂಗಡಿಯ ಎಷ್ಟೋ ಬಾಟಲಿಗಳು ತಿಂಗಳುಗಟ್ಟಲೆ ತಿಳಿಯಾಗಿಯೇ ಇರುತ್ತವೆ, ಅಲ್ವಾ? ಅವನ್ನು ಸಾಮಾನ್ಯವಾಗಿ 60–65 ಡಿಗ್ರಿಗೆ ಕಾಯಿಸಿ, ಸೋಸಿ ತುಂಬಿರುತ್ತಾರೆ. ಅದಕ್ಕೆ ಕಾರಣವೂ ಇದೆ. ಮಳೆ ಸೀಮೆಯ ಜೇನಿನಲ್ಲಿ ನೀರಿನಂಶ ಜಾಸ್ತಿ. ಹಾಗೇ ಬಿಟ್ಟರೆ ಯೀಸ್ಟ್ ಬೆಳೆದು ಹುಳಿ ಬರಬಹುದು. ಆದರೆ ಆ ಬಿಸಿಗೆ ಜೇನುಹುಳು ತಾನೇ ಸೇರಿಸಿದ ಕಿಣ್ವಗಳು ಸೊರಗುತ್ತವೆ. ಮಕರಂದದ ಸಕ್ಕರೆ ಒಡೆಯುವ ಇನ್ವರ್ಟೇಸ್ ಮೊದಲು ಹೋಗುತ್ತದೆ, ಪಿಷ್ಟ ಒಡೆಯುವ ಡಯಾಸ್ಟೇಸ್ ಆಮೇಲೆ. ಎಚ್‌ಎಂಎಫ್ ಎಂಬ ವಸ್ತು ಏರುತ್ತದೆ. ಜೇನು ತುಂಬಾ ಕಾದಿದೆಯೋ, ಹಳತಾಗಿದೆಯೋ ಎಂದು ಲ್ಯಾಬಿನವರು ನೋಡುವುದು ಇದನ್ನೇ.

ಹಾಗಂತ ಕಿಣ್ವ ಹೋಯಿತೆಂದು ಗಾಬರಿ ಬೇಡ. ಜೇನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಸಕ್ಕರೆಯೇ. ಒಂದು ಚಮಚದಲ್ಲಿ ಸಿಗುವ ಕಿಣ್ವದಿಂದ ನಮ್ಮ ಹೊಟ್ಟೆಗೆ ದೊಡ್ಡ ಲಾಭವೇನಿಲ್ಲ. ನನಗೆ ಸಂಕಟವಾಗುವುದು ಪರಿಮಳ ಹಾರಿಹೋಗುವುದಕ್ಕೆ. ಬಿಸಿ ಅಕ್ಕಿ ಒಟ್ಟಿಯ (ಕೊಡಗಿನ ಅಕ್ಕಿ ರೊಟ್ಟಿ) ಮೇಲೆ ತುಡುವೆ ಜೇನು ಬಿಟ್ಟಾಗ ಏಳುವ ಘಮ, ಕುದಿಸಿದ ಜೇನಿಗೆ ಎಲ್ಲಿಂದ ಬರಬೇಕು?

ಜೇನುಗೂಡಿನೊಳಗೆ, ಮರಿಗಳಿರುವ ಜಾಗದಲ್ಲಿ, 35 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ನಾವೂ 40 ದಾಟದಿದ್ದರೆ ಸಾಕು.

ಮೊದಲು ಒಂದು ಚೊಂಬು ಕುದಿಯುವ ನೀರಿಗೆ ಮೂರು ಚೊಂಬು ನಲ್ಲಿ ನೀರು ಬೆರೆಸಿ. ನಲ್ಲಿ ನೀರು 20 ಡಿಗ್ರಿ ಇದ್ದರೆ ಲೆಕ್ಕ ಸರಿಯಾಗಿ 40ಕ್ಕೆ ಬರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಕೈ ಅದ್ದಿ ನೋಡಿ, ಮಗುವಿನ ಸ್ನಾನದ ನೀರಿನ ಹದ ಇರಲಿ.

ಮುಚ್ಚಳ ಬಿಗಿ ಮಾಡಿ, ಜೇನು ಇರುವಷ್ಟು ಎತ್ತರಕ್ಕೆ ಬಾಟಲಿಯನ್ನು ಮುಳುಗಿಸಿ. 20 ನಿಮಿಷಕ್ಕೊಮ್ಮೆ ನೀರು ಬದಲಿಸಿ. ನಡುವೆ ಒಣ ಚಮಚದಿಂದ ತಳದವರೆಗೂ ಕಲಸಿ. ಹರಳುಗಟ್ಟಿದಾಗ ನೀರಿನಂಶ ಮೇಲಿನ ತೆಳು ಜೇನಿನಲ್ಲೇ ಉಳಿಯುತ್ತದೆ, ಅಲ್ಲೇ ಹುಳಿ ಹತ್ತುವುದು. ಪೂರ್ತಿ ಕರಗಲು ಒಂದೆರಡು ಗಂಟೆ ಹಿಡಿದೀತು, ಅವಸರ ಮಾಡಬೇಡಿ. ಒಲೆಯ ಮೇಲೆ ನೇರವಾಗಿ ಇಡಬೇಡಿ. ಮೈಕ್ರೋವೇವ್ ಕೂಡ ಬೇಡ, ಅದರಲ್ಲಿ ಒಂದು ಕಡೆ ಕುದ್ದರೆ ಇನ್ನೊಂದು ಕಡೆ ಗಟ್ಟಿಯೇ ಇರುತ್ತದೆ.

ಕರಗಿದ ಮೇಲೆ ಫ್ರಿಜ್‌ಗೆ ಹಾಕದೆ, ಬಿಸಿಲು ಬೀಳದ ಕಪಾಟಿನಲ್ಲಿಡಿ.

ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬೇಡಿ. ಬಾಟುಲಿಸಮ್ ಎಂಬ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಕಾರ್ಖಾನೆಯಲ್ಲಿ ಕಾಯಿಸಿದ ಜೇನಿನಲ್ಲೂ ಉಳಿದಿರಬಹುದು.